ಕಮಿಲಪ್ಪನ ಎಡೆಗೆ ಇಟ್ಟ ಇಸ್ಪೀಟು

ಮೇಲಿನ ಮಾಳಿಗೆಯ ಗಂಡಸರ ವಾರ್ಡಿನ ಗೋಡೆಯಲ್ಲಿ ಪಟವಾಗಿ ನಿಂತಿರುವ ಸಂತ ಕಮಿಲ್ಲಸನಿಗೆ,

ಕಮಲಾಪುರದ ಕೆಂಪು ಬಾಳೆಯ ಖಂಡೆಪ್ಪ, ಕೆಳಗೆ ಮೆಟ್ಟಿಲ ಪಕ್ಕದ ಬೆಂಚಿನಿಂದ ಕೂಗಿ ಹೇಳುವುದು. ಇಲ್ಲಿ ಕೂಗಬಾರದು ಎಂದು ಗೋಡೆಗೆ ಬೋರ್ಡು ಹೊಡೆದಿದ್ದಾರೆ. ಅದಕ್ಕೇ ಬರೆದು ಕೂಗುತ್ತಿದ್ದೇನೆ.

ಮೊದಲು ಒಂದು ಮಾತು ಸಾಫಾಗಲಿ. ನಿನ್ನನ್ನು ನೀವು ಅನ್ನಬೇಕೋ ನೀನು ಅನ್ನಬೇಕೋ ಎಂದು ಬಸ್ಸಿನಲ್ಲಿ ಬರುವಾಗಲೆಲ್ಲ ಯೋಚಿಸಿದೆ. ನೀನು ತೀರಿಕೊಂಡು ನಾನೂರು ವರ್ಷದ ಮೇಲಾಯಿತಂತೆ, ಸರಿ. ಆದರೆ ತೀರಿಕೊಂಡಾಗ ನಿನಗೆ ಅರವತ್ತನಾಲ್ಕು. ನನಗೆ ಈಗ ಎಪ್ಪತ್ತೊಂದು. ತೀರಿಕೊಂಡ ಮೇಲೆ ಯಾರ ವಯಸ್ಸೂ ಏರುವುದಿಲ್ಲ. ಆದ್ದರಿಂದ ನಮ್ಮಿಬ್ಬರಲ್ಲಿ ಹಿರಿಯ ನಾನೇ. ಸಿಟ್ಟಾಗಬೇಡ. ನಮ್ಮ ಕಡೆ ದೇವರಿಗೂ ನೀನು, ಎತ್ತಿಗೂ ನೀನು. ಹೆಸರನ್ನೂ ಕಮಿಲಪ್ಪ ಎಂದು ಮಾಡಿಕೊಂಡಿದ್ದೇನೆ. ನಿನ್ನ ಇಟಲಿ ಹೆಸರು ನನ್ನ ಕಟ್ಟಿಸಿದ ಹಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ಕೆಲಸದ ಮಾತು. ಈ ದವಾಖಾನೆ ನಡೆಸುವ ಮದರ್ ನನ್ನ ಕೈಗೆ ಒಂದು ಬಿಳಿ ಹಾಳೆ, ಒಂದು ಪೆನ್ನು ಕೊಟ್ಟು ಹೋಗಿದ್ದಾರೆ. ಅದರಲ್ಲಿ ನಾನು ಎರಡು ಮಾತು ಬರೆದುಕೊಡಬೇಕು. ಇನ್ನು ಮೇಲೆ ವಾರ್ಡಿನಲ್ಲಿ ಇಸ್ಪೀಟು ಆಡುವುದಿಲ್ಲ ಎಂದು ಒಂದು. ಇನ್ನು ಮೇಲೆ ಕೂಗಾಡುವುದಿಲ್ಲ ಎಂದು ಇನ್ನೊಂದು. ಬರೆದುಕೊಟ್ಟರೆ ಮೇಲೆ ವಾರ್ಡಿನಲ್ಲಿರುವ ನನ್ನ ದೋಸ್ತ ಇಮಾಮುದ್ದೀನನ ಹಾಸಿಗೆಯ ತನಕ ಬಿಡುತ್ತಾರೆ. ಮೊದಲನೆಯದನ್ನು ಬರೆದು ರುಜು ಹಾಕಿಯೂ ಆಯಿತು. ಎರಡನೆಯದಕ್ಕೆ ಬಂದು ಪೆನ್ನು ನಿಂತುಬಿಟ್ಟಿತು. ಕೂಗದೆ ನಾನು ಮೇಲೆ ಹೋಗಿ ಮಾಡುವುದೇನು? ನಾನು ಕೂಗಿದರೇ ಅವನು ಉಣ್ಣುವುದು. ನನ್ನನ್ನು ಇಲ್ಲಿಂದ ಹೊರಹಾಕಿದ ಮೇಲೆ ಅವನು ನೀರು ಬಿಟ್ಟು ಬೇರೇನೂ ಸರಿಯಾಗಿ ಮುಟ್ಟಿಲ್ಲ. ಇವತ್ತು ಸಂಜೆಯೊಳಗೆ ಹೊಟ್ಟೆಗೆ ಅನ್ನ ಹೋಗದಿದ್ದರೆ ಮೂಗಿನಿಂದ ನಳಿಗೆ ಇಳಿಸುತ್ತೇವೆ ಎಂದು ಡಾಕ್ಟರು ಹೇಳಿದ್ದಾರೆ. ಇಳಿಸಿದರೆ ಕಿತ್ತೊಗೆಯುತ್ತೇನೆ ಎಂದು ಇವನು ಹೇಳಿದ್ದಾನೆ. ಇವನು ಹೇಳಿದ್ದನ್ನು ಮಾಡುವವನು.

ಮದರ್ ಜೊತೆ ವಾದ ಮಾಡಿ ನೋಡಿದೆ, ಆಗಲಿಲ್ಲ. ಅವರು ನಗುತ್ತಲೇ ಇಲ್ಲ ಅನ್ನುತ್ತಾರೆ. ನಗುವವರ ಜೊತೆ ಜಗಳ ಮಾಡಲು ನನಗೆ ಬರುವುದಿಲ್ಲ. ಆದ್ದರಿಂದ ಮಾಲಕನಿಗೇ ಅರ್ಜಿ ಹಾಕೋಣ ಎಂದು ವಾಚ್‌ಮನ್ ಹತ್ತಿರ ಇನ್ನಷ್ಟು ಹಾಳೆ ಇಸಿದುಕೊಂಡು ಕೂತಿದ್ದೇನೆ. ನನ್ನ ಹೆಂಡತಿ ಸೂಗಮ್ಮ ಪಕ್ಕದಲ್ಲೇ ಎಲೆ ಅಡಿಕೆ ಚೀಲ ಬಿಚ್ಚಿ ಕೂತಿದ್ದಾಳೆ. "ಜೀವಂತ ಇದ್ದವರ ಜೋಡಿ ಜಗಳ ತೀರ್ದು, ಈಗ ಪಟದಾಗಿನವರ ಜೋಡಿ ಸುರು ಆತೇನ್ರಿ?" ಎಂದಳು. ನಾನು ಹಾಳೆಯಿಂದ ತಲೆ ಎತ್ತದೆ ಬರೆದೆ. ಬರೆಯುವಾಗ ಮಾತಾಡಿದರೆ ಅಕ್ಷರ ತಪ್ಪುತ್ತವೆ.

ನನ್ನ ಕಾಲಿನ ಕಥೆ ನಿನಗೆ ಗೊತ್ತಿಲ್ಲದ್ದಲ್ಲ, ತಿಂಗಳಿಗೂ ಹೆಚ್ಚು ನಿನ್ನ ಕಣ್ಣೆದುರೇ ಬಿದ್ದಿದ್ದೆ. ಆದರೂ ಹೇಳುತ್ತೇನೆ, ಯಾಕೆಂದರೆ ಸೂಗಮ್ಮ ಬೇರೆ ಥರ ಹೇಳಿರುತ್ತಾಳೆ. ಬಾಳೆಗೆ ನೀರು ಬಿಟ್ಟಿದ್ದೆ. ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಮತ್ತೆ ಬಂದು ಮತ್ತೆ ಹೋದಾಗ ಮೋಟಾರಿಗೆ ಒದ್ದೆ. ಮೋಟಾರಿಗೆ ಏನೂ ಆಗಲಿಲ್ಲ, ಅದು ಇನ್ನೂ ಓಡುತ್ತಿದೆ. ನನ್ನ ಮೈಯಲ್ಲಿ ಸಕ್ಕರೆ ಸೇರಿಕೊಂಡಿದ್ದರಿಂದ ಮೊದಲಿಗೆ ನೋವೇ ತಿಳಿಯಲಿಲ್ಲ. ಅರಿಶಿಣ ಮೆತ್ತಿ ಬಟ್ಟೆ ಕಟ್ಟಿದೆ. ಅದು ಒಳಗೇ ಕೊಳೆತು, ಕಮಲಾಪುರದ ಡಾಕ್ಟರು ನೋಡಿ, ಇದು ನನ್ನ ಕೈಯಲ್ಲಿಲ್ಲ, ಕಲಬುರಗಿಗೆ ಒಯ್ಯಿರಿ ಎಂದರು. ಅವರ ಜೊತೆಗೂ ಜಗಳವಾಯಿತು. ಸೂಗಮ್ಮ ಊರ ತುಂಬ ಹೇಳಿದ್ದು ಇದು: "ಮೋಟಾರ್ ಬಿಟ್ಟು ಕರೆಂಟಿನವರಿಗೇ ಒದ್ದಿದ್ರ ಪೊಲೀಸ್ರು ಒಯ್ತಿದ್ರು ಖರೆ, ಕಾಲರ ನೆಟ್ಟಗ ಇರ್ತಿತ್ತು."

ಹಾಗೆ ನಿನ್ನ ಗೋಡೆಯ ಕೆಳಗಿನ ಹಾಸಿಗೆಗೆ ಬಂದೆ. ಮೊದಲ ದಿನ ನಿನ್ನನ್ನು ನೋಡಿ ನರ್ಸು ಹುಡುಗಿಯನ್ನು ಕೇಳಿದ್ದು ನಿನಗೂ ಕೇಳಿಸಿರಬೇಕು. "ಯವ್ವಾ, ಇವ ಯಾರು, ಎದಿ ಮ್ಯಾಲ ಆಂಬುಲೆನ್ಸಿನ ಗುರ್ತ ಹಚ್ಕೊಂಡು ನಿಂತಾನ? ಗಾಡಿ ಹೊಡಿಯಾವ ಏನು?"

ಆ ಹುಡುಗಿ ಸಿಸ್ಟರ್ ಲುವಿಜಾ. ಮಂಗಳೂರು ಕಡೆಯವಳು. ಅವಳ ಕನ್ನಡವೋ, ಪುಸ್ತಕವನ್ನು ಎಣ್ಣೆಯಲ್ಲಿ ಕರಿದ ಹಾಗಿರುತ್ತದೆ. "ಅಯ್ಯೋ ಅಜ್ಜ, ಅವರು ನಮ್ಮ ಸಂತರು. ನಮ್ಮ ಸಭೆ ಅವರ ಹಾದಿಯಲ್ಲೇ ಹುಟ್ಟಿದ್ದು. ಆ ಕೆಂಪು ಶಿಲುಬೆ ಉಂಟಲ್ಲ, ಅದು ಎಲ್ಲ ಆಂಬುಲೆನ್ಸಿಗಿಂತ ಮೊದಲಿನದ್ದು," ಎಂದಳು. ಸಭೆ ಅಂದರೆ ಏನು ಎಂದು ಕೇಳಿದೆ. ನಮ್ಮಲ್ಲಿ ಮಠ ಇರುವ ಹಾಗೆ, ಆದರೆ ಸ್ವಾಮಿಗಳೇ ಬೆಡ್‌ಪ್ಯಾನು ತೊಳೆಯುತ್ತಾರೆ. ಅಷ್ಟು ಅರ್ಥವಾಯಿತು. ಅಂಥ ಮಠವನ್ನು ನಾನು ನೋಡಿರಲಿಲ್ಲ.

ಹುಣ್ಣಿನ ಪಟ್ಟಿ ಬಿಚ್ಚುವಾಗ ನಾನು ಹಾಕುತ್ತಿದ್ದ ಬೊಬ್ಬೆಗೆ ವಾರ್ಡಿನಲ್ಲಿ ಯಾರಿಗೂ ನಿದ್ದೆ ಇಲ್ಲದಂತಾಗಿತ್ತು. ಅದಕ್ಕೆ ಅವಳು ಒಂದು ಹಿಕಮತ್ತು ಮಾಡಿದಳು. ಪಟ್ಟಿ ಬಿಚ್ಚುತ್ತ ನಿನ್ನ ಕಥೆ ಹೇಳುವುದು. ಹತ್ತಿ ಅಂಟಿಕೊಂಡ ಜಾಗ ಬಂದ ಕೂಡಲೇ ಕಥೆ ನಿಲ್ಲಿಸುವುದು. ನಾನು ಬೊಬ್ಬೆ ಬಿಟ್ಟು "ಮುಂದ?" ಅನ್ನುವಷ್ಟರಲ್ಲಿ ಹತ್ತಿ ಕಿತ್ತು ಬಂದಿರುತ್ತಿತ್ತು. ಹೀಗೆ ನಿನ್ನ ಬಾಳನ್ನೆಲ್ಲ ನಾನು ನನ್ನ ಕಾಲಿನ ಮೂಲಕ ಕೇಳಿದೆ.

ನಿನ್ನ ತಾಯಿಗೆ ತಲೆ ನೆರೆತ ಮೇಲೆ ನೀನು ಹುಟ್ಟಿದೆಯಂತೆ. ಅವಳಿಗೆ ಕನಸು ಬಿತ್ತಂತೆ, ಎದೆಯ ಮೇಲೆ ಶಿಲುಬೆ ಇದ್ದ ಹುಡುಗ, ಅವನ ಹಿಂದೆ ಹಾಗೇ ಶಿಲುಬೆ ಹೊತ್ತ ಹುಡುಗರ ದಂಡು. ಪಾಪ, ಮಗ ದರೋಡೆಕೋರರ ಸರದಾರ ಆಗುತ್ತಾನೆ ಎಂದು ಹೆದರಿದಳಂತೆ. ನನ್ನವ್ವ ಕನಸು ಕಾಣದೆಯೇ ನನ್ನ ಬಗ್ಗೆ ಅದೇ ಹೇಳುತ್ತಿದ್ದಳು. ನೀನು ಬಾಗಿಲ ಚೌಕಟ್ಟಿಗೆ ಹಣೆ ಬಡಿಯುವಷ್ಟು ಎತ್ತರ ಬೆಳೆದೆ, ಸಿಪಾಯಿಯಾದೆ, ಮೂಗಿನ ತುದಿಯಲ್ಲಿ ಸಿಟ್ಟು, ಕೈಯಲ್ಲಿ ಇಸ್ಪೀಟು. ಆಡಿ ಆಡಿ ಕತ್ತಿ ಹೋಯಿತು, ಬಂದೂಕು ಹೋಯಿತು, ಕಡೆಗೆ ನೇಪಲ್ಸ್ ಎಂಬ ಊರಿನ ಬೀದಿಯಲ್ಲಿ ಮೈಮೇಲಿನ ಅಂಗಿಯನ್ನೂ ಸೋತೆ.

ಇದನ್ನು ಕೇಳಿ ಪಕ್ಕದ ಹಾಸಿಗೆಯಿಂದ ಒಂದು ಮಾತು ಬಂತು. "ಏನರ ಅನ್ನು ಖಂಡ್ಯಾ, ಆದ್ಮಿ ಶರೀಫ್ ಹಾನ. ಸೋತ ಮ್ಯಾಲ ಅಂಗಿ ಬಿಚ್ಚಿ ಕೊಟ್ಟಾನ. ನೀ ಸೋತ್ರ ಇಸ್ಪೀಟಿನ ಎಲಿ ತೊಡಿ ಬುಡಕ ಮುಚ್ಚಿಡ್ತಿ."

ಅವನೇ ಇಮಾಮುದ್ದೀನ್. ಶಹಾಬಜಾರದವನು. ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಬೇಳೆ ಸೋಸುವ ಮಷೀನಿನ ಪಕ್ಕ ಜೀವಮಾನವೆಲ್ಲ ನಿಂತು, ಮಾತು ಅಂದರೆ ಕೂಗುವುದು ಎಂದೇ ತಿಳಿದುಕೊಂಡವನು. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು. ನಾಲಿಗೆಗೆ ಏನೂ ಆಗಿರಲಿಲ್ಲ. ಅದಕ್ಕೇ ಮೊದಲು ಹೊಡೆಯಬೇಕಿತ್ತು ಎಂದು ನಾನು ಪರಿಚಯವಾದ ದಿನವೇ ಅವನ ಮುಖಕ್ಕೆ ಹೇಳಿದೆ. "ಡಾಕ್ಟರ್ ಪಟ್ಟಿ ಕಟ್ಟಬೇಕಾದ್ದು ನಿನ್ನ ಕಾಲಿಗಲ್ಲ, ಬಾಯಿಗಿ," ಎಂದ ಅವನು. ಅಲ್ಲಿಂದ ದೋಸ್ತಿ.

ಆದರೆ ಅವನು ಉಣ್ಣುತ್ತಿರಲಿಲ್ಲ. ಬಲಗೈ ಏಳುವುದಿಲ್ಲ. ಎಡಗೈಯಿಂದ ಉಣ್ಣುವುದಿಲ್ಲ ಎಂದು ಹಟ. ಬೇರೆಯವರು ಬಾಯಿಗೆ ಇಟ್ಟರೆ ಅವಮಾನ. ಅವನ ಹೆಂಡತಿ ಚಾಂದಬಿ ಮನೆಯಿಂದ ಮೆತ್ತಗೆ ಖಿಚಡಿ ಮಾಡಿ ತಂದು, ಚಮಚೆ ಹಿಡಿದು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಕೂರುತ್ತಿದ್ದಳು. ಸಿಸ್ಟರುಗಳು ಬಂದು "ಒಂದೇ ತುತ್ತು ಅಜ್ಜ, ನಮಗೋಸ್ಕರ ಅಜ್ಜ" ಎಂದು ಬೆಣ್ಣೆಯ ಹಾಗೆ ಮಾತಾಡುತ್ತಿದ್ದರು. ಇವನು ಅಂಗಡಿಯ ಶಟರು ಎಳೆದ ಹಾಗೆ ಬಾಯಿ ಮುಚ್ಚುತ್ತಿದ್ದ. ಒಮ್ಮೆ ನನಗೆ ಹೇಳಿದ, ಆಗ ಮಾತ್ರ ಸಣ್ಣ ದನಿಯಲ್ಲಿ: "ಬಾಯಾಗ ತುತ್ತು ಇಡೂದು ಕೂಸಿಗಿ, ಇಲ್ಲಾ ಸಾಯವರಿಗಿ. ನಾ ಎರಡೂ ಅಲ್ಲ."

ಏನು ಹೇಳಬೇಕೋ ತಿಳಿಯದಿದ್ದಾಗ ನಾನು ಮಾಡುವುದು ಒಂದೇ, ಬೈಯುವುದು. ಎದ್ದು ಕೂತು ಶುರು ಮಾಡಿದೆ. "ಏ ಇಮಾಮ್ಯಾ! ಆ ಹೆಣ್ಮಗಳು ಬಿಸಲಾಗ ಶಹಾಬಜಾರದಿಂದ ನಡಕೋತ ಬಂದಾಳ, ನೀ ಇಲ್ಲಿ ನವಾಬನ ಗತಿ ಮಾರಿ ತಿರುವ್ತಿ? ತೊಗರಿ ಹೊಟ್ಟು ತಿಂದು ಬೆಳದ ಕೋಣ, ಖಿಚಡಿ ಸೇರಂಗಿಲ್ಲ ನಿನಗ?" ಕೋಣ ಅಂದದ್ದು ಅವನಿಗೆ ತಡೆಯಲಿಲ್ಲ. ತಿರುಗಿ ಬೈಯಲು ಬಾಯಿ ತೆರೆದ. ಬೈಯಬೇಕಾದರೆ ಬಾಯಿ ತೆರೆಯಲೇಬೇಕಲ್ಲ. ಚಾಂದಬಿ ಜಾಣೆ, ಚಮಚೆ ಒಳಗೆ ಬಿಟ್ಟೇಬಿಟ್ಟಳು. ಬಾಯೊಳಗೆ ಬಂದ ಅನ್ನವನ್ನು ಉಗುಳುವವನಲ್ಲ ಅವನು. ಮಿಲ್ಲಿನಲ್ಲಿ ಒಂದು ಕಾಳು ಕೆಳಗೆ ಬಿದ್ದರೂ ಆರಿಸಿ ಇಟ್ಟವನು. ನುಂಗಿದ. ನುಂಗಿ ಮತ್ತೆ ಬೈಯಲು ತೆರೆದ. ಇನ್ನೊಂದು ಚಮಚೆ. ಅವತ್ತು ಡಬ್ಬಿ ಖಾಲಿಯಾಯಿತು. ಚಾಂದಬಿ ನನಗೆ ಕೈ ಮುಗಿದು, "ಖಂಡೆಪ್ಪಣ್ಣ, ನಾಳಿ ಇನ್ನಾ ಖರಾಬ್ ಬೈರಿ, ನಾ ಜರಾ ಜಾಸ್ತಿ ಮಾಡ್ಕೊಂಡು ಬರ್ತೀನಿ," ಎಂದಳು.

ಅದೇ ರೂಢಿಯಾಯಿತು. ಅವನಿಗೂ ಗೊತ್ತಿತ್ತು, ಕಮಿಲಪ್ಪ. ಎಷ್ಟೋ ಸಲ ನಾನು ಬೈಯಲು ತಡ ಮಾಡಿದರೆ ಹಸಿದು, ತಾನೇ ನನ್ನ ಕಡೆ ನೋಡಿ ಗಂಟಲು ಕೆರೆಯುತ್ತಿದ್ದ. ತುತ್ತು ಇಸಿದುಕೊಳ್ಳಲು ಅವನಿಗೆ ನಾಚಿಕೆ, ಜಗಳಕ್ಕೆ ನಾಚಿಕೆ ಇಲ್ಲ. ಜಗಳದ ನಡುವೆ ಬಾಯಿಗೆ ಏನಾದರೂ ಬಿದ್ದರೆ ಅದು ಅವನ ತಪ್ಪಲ್ಲವಲ್ಲ.

ಉಂಡ ಮೇಲೆ ಇಸ್ಪೀಟು. ಮೂರೆಲೆ ಆಟ. ಒಂದೇ ಕೈಯಲ್ಲಿ ಎಲೆ ಹಿಡಿದು ಎಳೆಯಲು ಅವನಿಗೆ ಆಗದು. ನಾನು ಹಿಡಿದುಕೊಂಡರೆ ಕದ್ದು ನೋಡುತ್ತೇನೆ ಎಂಬ ಆರೋಪ. ಕಡೆಗೆ ಚಾಂದಬಿಯ ಕಟ್ಟಿಗೆಯ ಬಾಚಣಿಗೆಯನ್ನು ದಿಂಬಿನ ಮೇಲೆ ನಿಲ್ಲಿಸಿ, ಹಲ್ಲುಗಳ ನಡುವೆ ಎಲೆ ಸಿಕ್ಕಿಸಿಕೊಂಡ. ಪಣಕ್ಕೆ ದವಾಖಾನೆಯ ಸಕ್ಕರೆ ಇಲ್ಲದ ಬಿಸ್ಕೀಟು. ಅದನ್ನು ತಿನ್ನುವುದಕ್ಕಿಂತ ಸೋಲುವುದು ಸುಖ.

ನಿನ್ನ ಕಥೆಯೂ ಮುಂದುವರಿಯುತ್ತಿತ್ತು. ನಿನ್ನ ಕಾಲಿಗೆ ಹುಣ್ಣಾಗಿ ರೋಮಿನ ಒಂದು ಆಸ್ಪತ್ರೆಗೆ ಬಂದೆ, ಅಲ್ಲೇ ಆಳಾಗಿ ಸೇರಿಕೊಂಡೆ, ಮತ್ತೆ ಇಸ್ಪೀಟು, ಜಗಳ. ಅವರು ನಿನ್ನನ್ನು ಹೊರಹಾಕಿದರು. ಇದನ್ನು ಕೇಳಿ ನಾನು ಎದ್ದೇ ಕೂತೆ, ಹತ್ತಿ ಅರ್ಧ ಅಂಟಿಕೊಂಡಿದ್ದರೂ. "ಇವ ನಮ್ಮ ಪೈಕಿ ಹಾನ!" ಎಂದೆ. ಆಮೇಲೆ ಒಬ್ಬ ಸಾಧುವಿನ ಮಾತು ಎದೆಗೆ ನಾಟಿ, ಎಲ್ಲ ಬಿಟ್ಟು, ಅದೇ ಆಸ್ಪತ್ರೆಗೆ ವಾಪಸು ಹೋಗಿ, ಮೇಲ್ವಿಚಾರಕನೇ ಆದೆಯಂತೆ. ಓದಬೇಕು ಎಂದು ಮೂವತ್ತೆರಡರಲ್ಲಿ ಸಣ್ಣ ಹುಡುಗರ ಜೊತೆ ಬೆಂಚಿನಲ್ಲಿ ಕೂತೆಯಂತೆ. ಹುಡುಗರು ತಡವಾಗಿ ಬಂದೆ ಎಂದು ನಕ್ಕರಂತೆ. ಆ ಎತ್ತರದ ಮೊಣಕಾಲು ಆ ಬೆಂಚಿನಲ್ಲಿ ಹೇಗೆ ಹಿಡಿಸಿದೆ ಮಾರಾಯ? ನಾನು ನಾಲ್ಕನೇ ಇಯತ್ತೆಯಲ್ಲಿ ಮಾಸ್ತರ ಮೇಲೆ ಸಿಟ್ಟಾಗಿ ಪಾಟಿ ಒಗೆದು ಬಂದವನು, ಇವತ್ತಿನ ತನಕ ತಿರುಗಿ ಹೋಗಿಲ್ಲ. ಹೋಗುವುದೂ ಇಲ್ಲ. ನಿನ್ನಷ್ಟು ಧೈರ್ಯ ನನಗಿಲ್ಲ.

ಆಗಿನ ಕಾಲದ ಆಸ್ಪತ್ರೆಗಳಲ್ಲಿ ಕೂಲಿಯ ಆಳುಗಳು ರೋಗಿಗಳನ್ನು ಕಸದ ಹಾಗೆ ನೋಡುತ್ತಿದ್ದರಂತೆ. ಕೂಲಿಗಲ್ಲ, ಪ್ರೀತಿಗಾಗಿ ಮಾಡುವವರು ಬೇಕು ಎಂದು ನೀನು ಮಂದಿ ಕೂಡಿಸಿದೆ. ಅದೇ ನಿನ್ನ ಸಭೆ. ನಿನ್ನ ತಾಯಿಯ ಕನಸಿನ ದಂಡು. ತಾಯಿ ತನ್ನ ಒಂದೇ ಮಗು ಕಾಯಿಲೆ ಬಿದ್ದಾಗ ಹೇಗೆ ನೋಡಿಕೊಳ್ಳುತ್ತಾಳೋ ಹಾಗೆ ನೋಡಿಕೊಳ್ಳಿ, ಕೈಯೊಳಗೆ ಎದೆ ಇಟ್ಟು ಕೆಲಸ ಮಾಡಿ ಎನ್ನುತ್ತಿದ್ದೆಯಂತೆ. ಪ್ಲೇಗು ಬಂದ ಹಡಗಿನೊಳಗೂ ಹೋದೆ. ಊರ ಹೊಳೆ ಉಕ್ಕಿ ಆಸ್ಪತ್ರೆಗೆ ನುಗ್ಗಿದಾಗ ರೋಗಿಗಳನ್ನು ಹೆಗಲ ಮೇಲೆ ಹೊತ್ತು ಮೇಲಿನ ಮಾಳಿಗೆಗೆ ಸಾಗಿಸಿದೆ. ಅದೂ ಆ ಹುಣ್ಣಿನ ಕಾಲಿನಲ್ಲಿ. ಇದನ್ನು ಹೇಳುವಾಗ ಲುವಿಜಾ ಹತ್ತಿ ಕಿತ್ತದ್ದು ನನಗೆ ಗೊತ್ತೇ ಆಗಲಿಲ್ಲ. ಇಮಾಮುದ್ದೀನ್ ಪಟದ ಕಡೆ ತಿರುಗಿ, "ಇಂಥವ ನಮ್ಮ ಮಿಲ್ಲಿನಾಗ ಇದ್ದಿದ್ರ ಹಮಾಲರಿಗಿ ರಜಾ ಸಿಗ್ತಿತ್ತು," ಎಂದ.

ಇನ್ನು ನನ್ನನ್ನು ಹೊರಹಾಕಿದ ದಿನದ ಸಂಗತಿ. ಇದರಲ್ಲಿ ನೀನೇ ಸಾಕ್ಷಿ, ಮದರ್ ಕೇಳಿದರೆ ಸರಿಯಾಗಿ ಹೇಳು.

ಜುಲೈ ಹದಿನಾಲ್ಕು ನಿನ್ನ ದಿನ, ನೀನು ತೀರಿಕೊಂಡ ದಿನ ಎಂದು ಲುವಿಜಾ ಹೇಳಿದಳು. ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಅವರ ದಿನದಂದು ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಪ್ರೀತಿಯೋ ಅದು ಎಲೆಯ ಮೇಲೆ ಬರಲೇಬೇಕು. ನನ್ನ ಅಪ್ಪನ ಎಡೆಯಲ್ಲಿ ಹೋಳಿಗೆಯ ಪಕ್ಕ ಗಣೇಶ ಬೀಡಿಯ ಕಟ್ಟು ಇರುತ್ತದೆ. ಕಾಕಾನ ಎಡೆಗೆ ಅರ್ಧ ಗ್ಲಾಸು ಶೇಂದಿ. ಇಟ್ಟಿಲ್ಲವೆಂದರೆ ಅವರು ಹಸಿದು ಹೋಗುತ್ತಾರೆ, ವರ್ಷವೆಲ್ಲ ಮನೆಗೆ ಕಿರಿಕಿರಿ. ಇಮಾಮುದ್ದೀನನನ್ನು ಕೇಳಿದೆ. "ನಾವೂ ತೀರಿಕೊಂಡವರ ಹೆಸರಿಲೆ ಫಾತಿಹಾ ಕೊಡೂ ಮುಂದ ಅವರಿಗಿ ಪಸಂದ್ ಇದ್ದದ್ದೇ ಮಾಡಿ ಹಂಚ್ತೇವಿ," ಎಂದ. ಎರಡು ಮನೆತನದ ರೂಢಿ ಒಂದೇ ಆದ ಮೇಲೆ ಇನ್ನೇನು. ನಿನಗೆ ಯಾವುದು ಪ್ರೀತಿ ಎಂದು ಯೋಚಿಸಿದೆವು. ಲುವಿಜಾ ಇಡೀ ಕಥೆಯಲ್ಲಿ ನೀನು ಏನು ತಿನ್ನುತ್ತಿದ್ದೆ ಎಂದು ಒಂದು ಮಾತೂ ಹೇಳಿರಲಿಲ್ಲ. ಹೇಳಿದ ಪ್ರೀತಿ ಒಂದೇ, ಇಸ್ಪೀಟು.

ಸೂಗಮ್ಮ ಮುಂಜಾನೆಯ ಬಸ್ಸಿಗೆ ಬಾಳೆ ಎಲೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ನಮ್ಮ ತೋಟದ ಕೆಂಪು ಬಾಳೆಹಣ್ಣು ತಂದಳು. ಆ ಹಣ್ಣನ್ನು ನನ್ನ ಕೈಗೆ ಸಿಗದಂತೆ ಸೆರಗಿನಲ್ಲಿ ಕಟ್ಟಿಕೊಂಡು ತಂದಳು, ಬೆಳೆದವನಿಗೇ ಅದು ವಿಷವಂತೆ ಈಗ. ನಿನ್ನ ಪಟದ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಎಲೆ, ಎಲೆಯ ಮೇಲೆ ಎಲ್ಲ ಬಡಿಸಿ, ನಡುವೆ ಇಸ್ಪೀಟಿನ ಕಟ್ಟು. ಚಾಂದಬಿ ಊದುಬತ್ತಿ ಹಚ್ಚಿದಳು. ಬರೇ ಕಟ್ಟು ಇಟ್ಟರೆ ಸಾಲದು, ಹಂಚಿಟ್ಟರೆ ತಾನೇ ಬಡಿಸಿದ ಹಾಗೆ ಎಂದ ಇಮಾಮುದ್ದೀನ್. ಅದೂ ಸರಿ ಅನ್ನಿಸಿತು. ಮೂರು ಪಾಲು ಹಂಚಿದೆ. ನನಗೊಂದು, ಬಾಚಣಿಗೆಗೊಂದು, ನಿನ್ನ ಮುಂದೊಂದು. ಪಣಕ್ಕೆ ಬಿಸ್ಕೀಟು.

ನೋಡಿದರೆ ನೀನೇ ಗೆದ್ದೆ! ನಿನ್ನ ಇಸ್ಪೀಟಿನ ಎಲೆ ಮಗುಚಿದರೆ ಲಾಲ್‌ಪಾನ್ ಬಾದಶಾ, ರಾಣಿ, ಗುಲಾಮ. ಮೂರೂ ಕೆಂಪು, ಸಾಲಾಗಿ. ನೇಪಲ್ಸಿನಲ್ಲಿ ಅಂಗಿ ಸೋತವನು ಕಲಬುರಗಿಯಲ್ಲಿ ನಮ್ಮ ಬಿಸ್ಕೀಟೆಲ್ಲ ಗೆದ್ದುಬಿಟ್ಟೆ. ನಾನು ಒಂಟಿ ಕಾಲಿನಲ್ಲಿ ನಿಂತು "ಹೊಡದಾನ! ಕಮಿಲಪ್ಪ ಹೊಡದಾನ!" ಎಂದು ಕೂಗಿದೆ. ಇಮಾಮುದ್ದೀನ್ "ಎಲಿ ಮತ್ತೊಮ್ಮೆ ಕಲಸು, ಖಂಡ್ಯಾ ಸಂತನ ಕಡಿ ಸೇರ್ಯಾನ!" ಎಂದು ಎಡಗೈಯಿಂದ ಮಂಚ ಬಡಿದ. ಆಚೆ ಈಚೆ ಹಾಸಿಗೆಯವರು ಚಪ್ಪಾಳೆ ಹೊಡೆದರು. ಆ ಹೊತ್ತಿಗೇ ಮದರ್, ಪರ ಊರಿನಿಂದ ಬಂದ ಒಬ್ಬ ಫಾದರು, ಹೂವಿನ ಹಾರ ಹಿಡಿದ ನಾಲ್ಕು ಸಿಸ್ಟರುಗಳು ಹಾಡು ಹೇಳುತ್ತ ಬಾಗಿಲಿಗೆ ಬಂದು ನಿಂತರು. ಹಾಡು ಅಲ್ಲೇ ನಿಂತಿತು.

"ಏನಿದು ಖಂಡೆಪ್ಪನವರೇ?"

"ನಿಮ್ಮ ಹಿರಿಯರಿಗಿ ಎಡಿ ಇಟ್ಟೀವ್ರಿ."

"ಅವರು ಇಸ್ಪೀಟು ಬಿಟ್ಟು ದೇವರ ದಾರಿ ಹಿಡಿದರು. ಬಿಟ್ಟದ್ದನ್ನೇ ತಂದು ಅವರ ಮುಂದೆ ಇಡ್ತೀರಾ?"

ಇಲ್ಲಿ ನಾನು ಸುಮ್ಮನಿರಬಹುದಿತ್ತು ಎಂದು ಸೂಗಮ್ಮ ಹೇಳುತ್ತಾಳೆ. ಆದರೆ ಮಾತು ಸರಿ ಇದ್ದಾಗ ಸುಮ್ಮನಿರುವುದು ಹೇಗೆ? "ಬಿಟ್ಟಾರ ಅಂದ್ರ ಭಾಳ ಪ್ರೀತಿ ಇತ್ತಂತನೇ ಅರ್ಥ್ರಿ ಮದರ್. ಪ್ರೀತಿ ಇಲ್ಲದ್ದು ಯಾರರ ಬಿಡ್ತಾರೇನು? ನಾ ಹಾಗಲಕಾಯಿ ಬಿಟ್ಟೀನಿ ಅಂತ ಯಾರರ ನನ್ನ ಪಟ ಹಾಕ್ಯಾರೇನು?" ಎಂದೆ. ಫಾದರು ಹಾರದ ಹಿಂದೆ ಮುಖ ಮುಚ್ಚಿಕೊಂಡು ಕೆಮ್ಮಿದರು. ನಗು ಎಂದು ನನಗೆ ಗೊತ್ತಾಯಿತು. ಮದರ್‌ಗೆ ಗೊತ್ತಾಗಲಿಲ್ಲ. ಹೇಗೂ ನನ್ನ ಕಾಲು ಮಾಯುತ್ತ ಬಂದಿತ್ತು. ಅವತ್ತೇ ಮಧ್ಯಾಹ್ನ ಡಿಸ್ಚಾರ್ಜು. ರೋಗಿ ನೋಡುವ ವೇಳೆಯಲ್ಲೂ ಇವರನ್ನು ಬಿಡಬೇಡ ಎಂದು ವಾಚ್‌ಮನ್‌ಗೆ ಹುಕುಂ. ಹೊರಡುವಾಗ ಇಮಾಮುದ್ದೀನ್ ನನ್ನ ಕಡೆ ನೋಡಲಿಲ್ಲ. ಬಾಚಣಿಗೆಯನ್ನು ನೋಡುತ್ತಿದ್ದ.

ಕಮಲಾಪುರಕ್ಕೆ ಹೋಗಿ ಬಾಳೆಗೊನೆ ಎಣಿಸುತ್ತ ಕೂತೆ. ಚಾಂದಬಿಯ ಫೋನು ಬಂತು. "ಖಂಡೆಪ್ಪಣ್ಣ, ಮತ್ತ ಬಾಯಿ ಮುಚ್ಯಾರ. ಫೋನಿನಾಗೇ ಎರಡು ಬೈರಿ, ನಾ ಕಿವಿಗಿ ಹಿಡೀತೀನಿ." ತೋಟದ ನಡುವೆ ನಿಂತು ನನಗೆ ಬರುವುದನ್ನೆಲ್ಲ ಬೈದೆ. ಗಿಳಿಗಳು ಹಾರಿಹೋದವು. ಆ ಕಡೆಯಿಂದ ಒಂದೇ ಮಾತು: "ಮಷೀನಿನ ಬೈಗಳಕ್ಕ ನಾ ಜವಾಬ ಕೊಡಂಗಿಲ್ಲ. ಮರ್ದ್ ಇದ್ರ ಎದುರಿಗಿ ಬಾ." ಎದುರಿಗೆ ಬರಲು ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲವೇ? ಗೊತ್ತು. ಅದಕ್ಕೇ ಹಾಗೆ ಅಂದದ್ದು. ನನಗೆ ರೊಟ್ಟಿ ಇಳಿಯಲಿಲ್ಲ. ಸೂಗಮ್ಮ ನನ್ನ ತಾಟು ಎತ್ತಿಟ್ಟು, "ಅಲ್ಲಿ ಅವರು ಉಣವಲ್ರು, ಇಲ್ಲಿ ಇವರು. ನಾಳಿ ನಡೀರಿ, ಇಬ್ಬರದೂ ಒಂದೇ ಕಡಿ ನೋಡ್ತೀನಿ," ಎಂದಳು.

ಇವತ್ತು ಬಂದೆವು. ವಾಚ್‌ಮನ್ ಗೇಟಿನಲ್ಲೇ ತಡೆದ. ಒಳಗೆ ಬಿಡದಿದ್ದರೇನು, ವಾರ್ಡಿನ ಕಿಟಕಿ ಸೈಕಲ್ ನಿಲ್ಲಿಸುವ ಕಡೆಗಿದೆ. ಅಲ್ಲಿ ಬೇವಿನ ಗಿಡದ ಕೆಳಗೆ ನಿಂತು ಮೇಲೆ ನೋಡಿ, "ಏ ಇಮಾಮ್ಯಾ! ಎದುರಿಗಿ ಬಂದೀನಿ ನೋಡೋ ಕೋಣಾ!" ಎಂದೆ. ಮೇಲಿನಿಂದ ಬಂತು ನೋಡು: "ಕೋನ್ ರೇ ಕೋಣ? ತೇರೆ..." ಅಲ್ಲಿಗೆ ಮಾತು ಕತ್ತರಿಸಿತು. ಚಾಂದಬಿಯ ಚಮಚೆ! ನನ್ನ ಎದೆ ಹೂವಾಯಿತು. ಇನ್ನೊಂದು ಕೂಗು ಕೂಗಿದೆ. ಆದರೆ ಅದೇ ಕಡೆ ಬಾಣಂತಿಯರ ವಾರ್ಡು ಇರುವುದು ನನಗೇನು ಗೊತ್ತು. ಹುಟ್ಟಿದ ಕೂಸುಗಳೆಲ್ಲ ಒಟ್ಟಿಗೆ ಎದ್ದು ಅಳತೊಡಗಿದವು. ಮದರ್ ಇಳಿದು ಬಂದರು. ಅವರ ತಪ್ಪು ಎಂದು ನಾನು ಹೇಳುವುದಿಲ್ಲ. ಆ ಕೂಸುಗಳೂ ಅವರವೇ. ನಾನು ಎಲ್ಲ ವಿವರಿಸಿದೆ. ಅವರು ನಂಬಲಿಲ್ಲ. "ಬೈಗುಳದಿಂದ ಯಾರಿಗೂ ಆರೈಕೆಯಾಗುವುದಿಲ್ಲ ಖಂಡೆಪ್ಪನವರೇ," ಎಂದು ಈ ಹಾಳೆ ಕೊಟ್ಟರು.

ಹಾಗಾದರೆ ನೀನೇ ಹೇಳು. ಸಿಟ್ಟಿನವನು, ಜಗಳಗಂಟ, ಆಸ್ಪತ್ರೆಯಿಂದ ಹೊರಹಾಕಿಸಿಕೊಂಡವನು. ನಿನ್ನನ್ನು ಅವರು ವಾಪಸು ಕರೆದುಕೊಳ್ಳದೆ ಇದ್ದಿದ್ದರೆ ಈ ಸಭೆ ಎಲ್ಲಿರುತ್ತಿತ್ತು, ಈ ಲುವಿಜಾ ಎಲ್ಲಿರುತ್ತಿದ್ದಳು, ನನ್ನ ಕಾಲು ಎಲ್ಲಿರುತ್ತಿತ್ತು? ಕೈಯೊಳಗೆ ಎದೆ ಇಡಿ ಎಂದೆ. ನನ್ನ ಎದೆ ಕೈಗೆ ಇಳಿಯುವುದಿಲ್ಲ, ಗಂಟಲಿನಲ್ಲೇ ಸಿಕ್ಕಿಹಾಕಿಕೊಂಡಿದೆ, ಬೈಗುಳವಾಗಿ ಹೊರಬರುತ್ತದೆ. ಅದನ್ನು ಬರೆದುಕೊಟ್ಟು ಬಿಟ್ಟರೆ ನನ್ನ ಹತ್ತಿರ ಅವನಿಗೆ ಕೊಡಲು ಬೇರೇನೂ ಇಲ್ಲ. ಮದರ್ ಮನಸ್ಸಿನಲ್ಲಿ ಏನಾದರೂ ಹೊಕ್ಕು ಹೇಳು. ಸೂರ್ಯ ಇಳಿಯುತ್ತಿದ್ದಾನೆ.

ಇಲ್ಲಿಗೆ ಬರೆದಿದ್ದೆ. ಲುವಿಜಾ ಮೆಟ್ಟಿಲು ಹಾರಿಕೊಂಡು ಬಂದಳು. "ಅಜ್ಜ, ಅಜ್ಜ! ಮದರ್ ಸ್ವತಃ ಬೈಲಿಕ್ಕೆ ಕೂತಿದ್ದಾರೆ ಮಾರಾಯ್ರೆ!" ಚಾಂದಬಿ ಅವರ ಕಾಲು ಹಿಡಿದು ಅತ್ತಳಂತೆ. ಸರಿ, ಬೈದರೆ ಉಣ್ಣುವುದಾದರೆ ನಾನೇ ಬೈದು ನೋಡುತ್ತೇನೆ ಎಂದು ಮದರ್ ಚಾಂದಬಿಯ ಪಕ್ಕ ಸ್ಟೂಲು ಹಾಕಿಕೊಂಡರಂತೆ. ಅವರು ಬೈದದ್ದು ಏನೆಂದರೆ, "ಇಮಾಮುದ್ದೀನ್ ಅವರೇ, ನೀವು ಸ್ವಲ್ಪ ಹಟ ಮಾಡ್ತಿದ್ದೀರಿ ಅಂತ ನನಗೆ ಅನಿಸ್ತದೆ." ಇಮಾಮುದ್ದೀನ್ ಬಾಯಿ ಬಿಗಿದುಕೊಂಡೇ ಸಲಾಮು ಮಾಡಿದನಂತೆ. ಮದರ್ ಮುಖ ಕೆಂಪು ಮಾಡಿಕೊಂಡು, ಉಸಿರು ಕಟ್ಟಿ, "ನೀವು... ನೀವೊಂದು ಕತ್ತೆ!" ಎಂದು, ಕೂಡಲೇ ಶಿಲುಬೆಯ ಗುರುತು ಹಾಕಿಕೊಂಡು ಕ್ಷಮೆ ಕೇಳಿದರಂತೆ. ಇಡೀ ವಾರ್ಡು ದಿಂಬು ಕಚ್ಚಿಕೊಂಡು ನಕ್ಕಿತಂತೆ. ಬಾಯಿ ತೆರೆಯದವನು ಅವನೊಬ್ಬನೇ.

ಲುವಿಜಾಳ ಮಾತು ಮುಗಿಯುವಷ್ಟರಲ್ಲಿ ಮದರ್ ಮೆಟ್ಟಿಲ ಮೇಲೆ ಕಂಡರು. ಕೈಯಲ್ಲಿ ಖಿಚಡಿಯ ಬಟ್ಟಲು. "ಖಂಡೆಪ್ಪನವರೇ, ನನಗೆ ಬೈಯಲು ಬರುವುದಿಲ್ಲ. ಬನ್ನಿ," ಎಂದರು.

"ಎರಡನೇ ಮಾತು ಇನ್ನಾ ಬರದಿಲ್ರಿ."

"ಅದನ್ನು ಖಾಲಿ ಬಿಡಿ. ಕಿಟಕಿ ಮುಚ್ಚಿ ಕೂಗಿ, ಸಾಕು."

ಒಂದು ಗಳಿಗೆ ನಿಲ್ಲಿರಿ, ಒಬ್ಬರಿಗೆ ಬರೆಯುತ್ತಿದ್ದೇನೆ, ಮುಗಿಸಿ ಬರುತ್ತೇನೆ ಎಂದೆ. ನಿಂತಿದ್ದಾರೆ ಪಾಪ. ಸೂಗಮ್ಮ ಆಗಲೇ ಅರ್ಧ ಮೆಟ್ಟಿಲು ಹತ್ತಿ, "ಬರ್ರಿ, ಖಿಚಡಿ ಆರ್ತದ!" ಎಂದು ನನಗಿಂತ ಜೋರಾಗಿ ಕೂಗುತ್ತಿದ್ದಾಳೆ. ಅವಳಿಗೆ ಯಾರೂ ಹಾಳೆ ಕೊಡುವುದಿಲ್ಲ.

ಕಮಿಲಪ್ಪ, ನಿನ್ನ ಕಾಲಿನ ಹುಣ್ಣು ಸಾಯುವ ತನಕ ಮಾಯಲಿಲ್ಲ ಎಂದು ಲುವಿಜಾ ಹೇಳಿದಳು. ನನ್ನದು ನಿನ್ನ ಮಕ್ಕಳ ಕೈಯಲ್ಲಿ ಮಾಯಿತು. ವಯಸ್ಸಿನಲ್ಲಿ ಹಿರಿಯನಾದ್ದರಿಂದ ಆಶೀರ್ವಾದ ಮಾಡುವ ಹಕ್ಕು ನನಗಿದೆ. ನೀನಿರುವ ಕಡೆ ಆ ಕಾಲು ಮಾಯ್ದಿರಲಿ. ಮಾಯ್ದಿಲ್ಲವಾದರೆ, ಪಟ್ಟಿ ಬಿಚ್ಚುವಾಗ ಕಥೆ ಹೇಳುವವರು ಒಬ್ಬರು ಸಿಕ್ಕಿರಲಿ. ನಾನು ಬಂದ ಮೇಲೆ ಎಲೆ ಹಂಚುತ್ತೇನೆ. ಅಂಗಿ ಜೋಪಾನ.

ಬೈಯಲು ಮೇಲೆ ಹತ್ತುತ್ತಿರುವ,
ಖಂಡೆಪ್ಪ
ಕಮಲಾಪುರ